ಏಳಕ್ಕೂ ಇಲ್ಲ

ನಮ್ಮ ಬೀದಿಯವರಿಗೆ ಫಾರಂಗೆ ಉತ್ತರ ಹೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೆಸರೆಯಲ್ಲಿ ನಾನು ಹುಟ್ಟಿ ಬೆಳೆದ ಬೀದಿಗೆ ರೇಷನ್ ಕಾರ್ಡಿನ ಸಮೀಕ್ಷೆಗೆಂದು ಯಾರಾದರೂ ಕಾಲಿಟ್ಟರೆ, ಅವರು ಮೂರನೇ ಮನೆ ದಾಟುವಷ್ಟರಲ್ಲಿ ನಮ್ಮ ಟಿವಿಯ ಮೇಲೆ ಬೆಡ್‌ಶೀಟ್ ಬಿದ್ದು, ಅದರ ಮೇಲೆ ಅಜ್ಜಿಯ ಹಳೆ ಸೀರೆಗಳ ಗಂಟು ಕೂತಿರುತ್ತಿತ್ತು. ಗಾಡಿ ಇದೆಯಾ? ಇಲ್ಲ. ಫ್ರಿಜ್ಜು? ಇಲ್ಲ. ತಿಂಗಳ ಸಂಬಳದವರು ಯಾರಾದರೂ? ಇಲ್ಲ. 'ಇದೆ' ಅಂದರೆ ಏನೋ ಒಂದು ಕೈತಪ್ಪುತ್ತದೆ, 'ಇಲ್ಲ' ಅಂದರೆ ಇರುವುದು ಉಳಿಯುತ್ತದೆ. ಎಂಟು ವರ್ಷಕ್ಕೇ ನನಗಿದು ಬಾಯಿಪಾಠವಾಗಿತ್ತು. ಇದನ್ನು ಸುಳ್ಳು ಅನ್ನುವವರು ಅನ್ನಲಿ, ಹೊಟ್ಟೆ ತುಂಬಿದವರ ಹತ್ತಿರ ನಾನು ವಾದಕ್ಕೆ ಹೋಗುವುದಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು.

ನಾನು ಎಂ.ಎಸ್ಸಿ. ಓದುತ್ತಿದ್ದೆ. ವ್ಯಾಯಾಮ ವಿಜ್ಞಾನ ಮತ್ತು ಆರೋಗ್ಯ ಸಂವರ್ಧನೆ. ಹೆಸರು ಇಷ್ಟುದ್ದ ಇದ್ದರೂ ಕೇಳಿದವರೆಲ್ಲ 'ಓ, ಪೀಟಿ ಟೀಚರಾ' ಎನ್ನುತ್ತಿದ್ದರು. ಅವ್ವನೂ ಹಾಗೇ ತಿಳಿದಿದ್ದಳು. ಹಾಗೆ ತಿಳಿಯದವರು ಒಬ್ಬರೇ, ಎದುರುಮನೆಯ ಮಂಟೇಸ್ವಾಮಿ ದೊಡ್ಡಪ್ಪ. ರಕ್ತಸಂಬಂಧವೇನಲ್ಲ, ಬೀದಿಗೆಲ್ಲ ಅವರು ದೊಡ್ಡಪ್ಪ. ಬಂಡಿಪಾಳ್ಯದ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತು, ಅರವತ್ತೆರಡಾದರೂ ಬೆನ್ನು ಬಾಗದ ಮನುಷ್ಯ. ನನಗೆ ಸೀಟು ಸಿಕ್ಕ ದಿನ ಮನೆಗೆ ಬಂದು ಕೋರ್ಸಿನ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಬುದ್ಧನ ಪಟದ ಕೆಳಗೆ ಕೂತು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಕಾಯ್ಲೆ ಬರೋಕ್ ಮುಂಚೆ ನೋಡೋ ಡಾಕ್ಟ್ರು" ಎಂದರು. ನಮ್ಮ ವಿಷಯವನ್ನು ಎರಡು ವರ್ಷದಲ್ಲಿ ಯಾವ ಮೇಷ್ಟರೂ ಇಷ್ಟು ಸರಿಯಾಗಿ ಹೇಳಲಿಲ್ಲ. ಮಾರನೆಯ ದಿನದಿಂದ ಬೀದಿಯಲ್ಲಿ ನಾನು ಡಾಕ್ಟ್ರು.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನಮ್ಮ ಬೀದಿಯನ್ನೇ. ನಲವತ್ತೈದು ದಾಟಿದ ಮೂವತ್ತು ಜನರನ್ನು ಹನ್ನೆರಡು ವಾರ ದಿನಾ ನಡೆಸಬೇಕು, ನಡೆಸುವ ಮೊದಲೂ ಆಮೇಲೂ ಅವರ ಹೃದಯದ ಶಕ್ತಿ ಅಳೆಯಬೇಕು. ಅಳೆಯುವುದಕ್ಕೆ ಬೇಕಾದದ್ದು ಒಂದಡಿ ಎತ್ತರದ ಮರದ ಮೆಟ್ಟಿಲು, ಮತ್ತು ನಿಮಿಷಕ್ಕೆ ತೊಂಬತ್ತಾರು ಸಲ ಟಿಕ್ ಎನ್ನುವ ಫೋನು. ಆ ತಾಳಕ್ಕೆ ಸರಿಯಾಗಿ ಮೂರು ನಿಮಿಷ ಹತ್ತಿ ಇಳಿಯಬೇಕು, ಕೂತ ಮೇಲೆ ನಾನು ಒಂದು ನಿಮಿಷ ನಾಡಿ ಎಣಿಸಬೇಕು. ಅದಕ್ಕೂ ಮೊದಲು ಏಳು ಪ್ರಶ್ನೆಗಳ ಫಾರಂ. ಹೃದಯದ ತೊಂದರೆ ಇದೆಯೆಂದು ಡಾಕ್ಟರು ಹೇಳಿದ್ದಾರಾ, ಎದೆ ನೋಯುತ್ತದಾ, ತಲೆ ಸುತ್ತುತ್ತದಾ, ಮಾತ್ರೆ ತೆಗೆದುಕೊಳ್ಳುತ್ತೀರಾ, ಹೀಗೆ. ಒಂದಕ್ಕೆ 'ಹೌದು' ಅಂದರೂ ಡಾಕ್ಟರ ಚೀಟಿ ಇಲ್ಲದೆ ಮೆಟ್ಟಿಲು ಹತ್ತಿಸುವಂತಿಲ್ಲ. ಮೂವತ್ತು ಜನ ಆಗದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಡಿಗ್ರಿಯಿಲ್ಲ. ನನ್ನ ಮಾರ್ಗದರ್ಶಕರು ಮಾಧವ ಸರ್ ಇದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದರು.

ನನ್ನ ಸಹಪಾಠಿ ಲಹರಿ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರನ್ನು ಹಿಡಿದಿದ್ದಳು. ಅವರ ಕೈಗೆ ಫಾರಂ ಕೊಟ್ಟರೆ ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದದ್ದನ್ನೂ ಬರೆಯುತ್ತಾರೆ, ಜಾಗ ಸಾಲದೆ ಹಿಂದಿನ ಪುಟಕ್ಕೆ ಹೋಗುತ್ತಾರೆ. ಡಾಕ್ಟರ ಚೀಟಿ ಕೇಳಿದರೆ ಮಾರನೆಯ ದಿನ ಅವರವರ ದೇಶದಿಂದ ಫೋನಿಗೇ ಬಂದು ಬೀಳುತ್ತದೆ. ಒಂದೇ ವಾರದಲ್ಲಿ ಅವಳಿಗೆ ಮೂವತ್ತು ಜನ ಆದರು. ನಮ್ಮಲ್ಲಿ ಚೀಟಿ ಅಂದರೆ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತು ಒಂದು ದಿನದ ಕೂಲಿ ಬಿಡುವುದು. ನನ್ನ ಮೊದಲ ಭಾನುವಾರ ಹತ್ತೊಂಬತ್ತು ಜನ ಬಂದರು. ಹನ್ನೊಂದು ಜನ ಯಾವುದೋ ಒಂದಕ್ಕೆ 'ಹೌದು' ಅಂದು ಪಟ್ಟಿಯಿಂದ ಬಿದ್ದುಹೋದರು. ಚೀಟಿ ತರುತ್ತೇವೆ ಎಂದು ಹೋದವರಲ್ಲಿ ಒಬ್ಬರೂ ಚೀಟಿ ತರಲಿಲ್ಲ.

ಅಂದು ಸಂಜೆ ಜಗಲಿಯ ಮೇಲೆ ಕೂತಿದ್ದಾಗ ದೊಡ್ಡಪ್ಪ ಬಂದರು.

"ಯಾಕವ್ವ ಮಕ ಇಂಗ್ ಮಾಡ್ಕೊಂಡಿದ್ದೀಯ? ಜನ ಸಾಲ್ದಾ?"

"ಜನ ಬಂದ್ರು ದೊಡ್ಡಪ್ಪ. ಏಳು ಪ್ರಶ್ನೇಲಿ ಒಂದಕ್ಕೆ ಹೌದು ಅಂದ್ರೂ ತಗೊಳಂಗಿಲ್ಲ."

"ಅಷ್ಟೇನಾ?"

"ಅಷ್ಟೇ."

"ಇನ್ನೊಂದ್ ಭಾನ್ವಾರ ಮಡಿಕೊ. ನಾನ್ ತುಂಬುಸ್ಕೊಡ್ತೀನಿ, ಬುಡು."

ಆ 'ಅಷ್ಟೇನಾ' ಎಂಬುದನ್ನು ಅವರು ಯಾವ ಧಾಟಿಯಲ್ಲಿ ಹೇಳಿದರೆಂದು ನಾನು ಬಲ್ಲೆ. ಅದು ಸಮೀಕ್ಷೆಯವರು ಬಂದಾಗಿನ ಧಾಟಿ. ಬೇಡ ದೊಡ್ಡಪ್ಪ, ಇದು ಅಂಥ ಫಾರಂ ಅಲ್ಲ, ಇದರಲ್ಲಿ ಸುಳ್ಳು ಹೇಳಿದರೆ ಜೀವಕ್ಕೆ ಕುತ್ತು ಎಂದು ಬಿಡಿಸಿ ಹೇಳಲು ನನಗೆ ಎರಡು ನಿಮಿಷ ಸಾಕಿತ್ತು. ನಾನು 'ಸರಿ ದೊಡ್ಡಪ್ಪ' ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೇ ಸಮುದಾಯ ಭವನದ ಬಾಗಿಲು ತೆರೆದಿತ್ತು. ಒಳಗೆ ಜಮಖಾನ ಹಾಸಿತ್ತು, ಕುರ್ಚಿ ಸಾಲಾಗಿತ್ತು. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಜನ ಕೂಡಿಸುವಂತೆಯೇ ದೊಡ್ಡಪ್ಪ ಮನೆಮನೆ ಹತ್ತಿ ಇಳಿದಿದ್ದರು. ಕರೆದ ಕಾರ್ಯಕ್ಕೆ ಹಾಲ್ ತುಂಬದಿದ್ದರೆ ಅವರಿಗೆ ಅದು ಬೀದಿಯ ಮಾನದ ಪ್ರಶ್ನೆ. ನಾನು ಒಳಗೆ ಮೆಟ್ಟಿಲು ಅಲುಗಾಡದಂತೆ ಅದರ ಕಾಲಿಗೆ ಪೇಪರ್ ಮಡಚಿ ಇಡುತ್ತಿದ್ದೆ. ಹೊರಗೆ ಕಿಟಕಿಯ ಪಕ್ಕದಲ್ಲೇ ಅವರ ದನಿ.

"ಏಳ್ ಕೇಳ್ತಾಳೆ. ಏಳಕ್ಕೂ ಇಲ್ಲ ಅನ್ನಿ. ನಡುವೆ ನಿಂತ್ಕೊಂಡು ಯೋಚ್ನೆ ಮಾಡ್ಬೇಡಿ. ನಮ್ ಉಡ್ಗಿ ಪಾಸಾಗ್ಬೇಕು, ತಿಳೀತಾ?"

"ಸಕ್ರೆ ಮಾತ್ರೆ ತಗೋತೀನಲ್ಲಪ್ಪ?" ಎಂದಿತು ಬೀದಿಯ ಕೊನೆಮನೆಯ ಮೂಗಯ್ಯನ ದನಿ.

"ಇವತ್ತೊಂದಿನ ತಗೋಳಲ್ಲ ಅನ್ನು. ನಿನ್ ಸಕ್ರೆ ಎಲ್ಗೂ ಓಗಕಿಲ್ಲ."

ಎಲ್ಲರೂ ನಕ್ಕರು. ಒಳಗೆ ನನಗೂ ನಗು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎದ್ದು ಹೊರಗೆ ಹೋಗಬೇಕೆಂದು ಒಂದು ಸಲ ಅನ್ನಿಸಿತು. ಇನ್ನೊಂದು ಪೇಪರ್ ಮಡಚಿ ಮೆಟ್ಟಿಲಿನ ಕೆಳಗಿಟ್ಟೆ.

ಇಪ್ಪತ್ತೆರಡು ಜನ ಬಂದರು. ಮೊದಲ ವಾರ ಉಳಿದಿದ್ದ ಎಂಟು ಸೇರಿದರೆ ಮೂವತ್ತಕ್ಕೆ ಮೂವತ್ತು. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ, ಇಲ್ಲ, ಇಲ್ಲ. ಹೋದ ವಾರ ಎದೆ ಹಿಡಿಯುತ್ತದೆ ಎಂದಿದ್ದ ಹೆಂಗಸೇ ಈ ವಾರ ನನ್ನ ಕಣ್ಣಿಗೆ ಕಣ್ಣಿಟ್ಟು ಇಲ್ಲ ಎಂದಳು. ನಾನು ಟಿಕ್ ಹಾಕಿದೆ. ಮೂಗಯ್ಯ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಮಾತ್ರೆಯ ಪಟ್ಟಿಯನ್ನು ಒಳಕ್ಕೆ ತಳ್ಳಿಕೊಂಡು ಇಲ್ಲ ಎಂದರು. ಅದಕ್ಕೂ ಟಿಕ್ ಹಾಕಿದೆ. ಒಬ್ಬೊಬ್ಬರೂ ಹತ್ತಿ ಇಳಿದು ಬೆವರು ಒರೆಸಿಕೊಂಡು ಮನೆಗೆ ಹೋದರು, ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಿದ್ದಷ್ಟೂ ನನ್ನ ಭಂಡತನ ಹೆಚ್ಚಿತು.

ಕೊನೆಗೆ ಉಳಿದವರು ದೊಡ್ಡಪ್ಪ ಮತ್ತು ಅವರ ಹೆಂಡತಿ ಮುದ್ದಮ್ಮ ದೊಡ್ಡವ್ವ. ಊಟಕ್ಕೆ ಕರೆದವರು ಕೊನೆಯ ಪಂಕ್ತಿಯಲ್ಲಿ ಕೂರುವ ಹಾಗೆ. ದೊಡ್ಡಪ್ಪ ನನ್ನ ಮುಂದೆ ಬರುವ ಮೊದಲು ಗೋಡೆಗೆ ಮುಖ ಮಾಡಿ, ಎಲೆಯಡಿಕೆ ಚೀಲದಿಂದ ಏನೋ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡರು. ಹೊಗೆಸೊಪ್ಪು ಇರಬೇಕು ಅಂದುಕೊಂಡೆ. ಹೊಗೆಸೊಪ್ಪನ್ನು ಅವರು ದವಡೆಗೆ ಒತ್ತಿಕೊಳ್ಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಎರಡು ವರ್ಷ ಹೃದಯದ ಬಗ್ಗೆಯೇ ಓದಿದವಳಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ ಯಾವುದಕ್ಕೆಂದು ಗೊತ್ತಿಲ್ಲದೆ ಇರುತ್ತದೆಯೇ?

"ದೊಡ್ಡಪ್ಪ, ಎದೆ ನೋವು ಗೀವು ಬತ್ತದಾ?"

"ಇಲ್ಲ. ಬರ್ಕೊ."

"ಡಾಕ್ಟ್ರು ಏನಾರ ಏಳವ್ರಾ?"

"ಇಲ್ಲ ಅಂದ್ನಲ್ಲ. ಬರ್ಕೊ ನೀನು."

ಬರೆದುಕೊಂಡೆ. ಅವರು ಸಹಿ ಹಾಕಿದರು, ಮಂಡಿಯ ಹಾಜರಿ ಪುಸ್ತಕದಲ್ಲಿ ಹಾಕಿ ಹಾಕಿ ಅವರ ಸಹಿ ದುಂಡಗಿತ್ತು. ಮೊದಲ ನಿಮಿಷ ಹುಡುಗರ ಹಾಗೆ ಹತ್ತಿ ಇಳಿದರು. ಎರಡನೆಯದರಲ್ಲಿ ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತು. ತುಟಿಯ ಬಣ್ಣ ಹೋಯಿತು. ಸಾಕು, ನಿಲ್ಲಿಸಿ ಎಂದೆ. ಮಧ್ಯದಲ್ಲಿ ನಿಂತರೆ ಲೆಕ್ಕಕ್ಕಿಲ್ಲ ಎಂದು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದವಳು ನಾನೇ, ಅದನ್ನು ಅವರು ಕೇಳಿಸಿಕೊಂಡಿದ್ದರು. ಕೈಯಲ್ಲೇ ಸುಮ್ಮನಿರು ಎಂದರು. ಎರಡನೆಯ ಸಲ ನಾನು ಹೇಳಲಿಲ್ಲ. ನಾಡಿ ನೂರಾ ಐವತ್ತೊಂದು ಬಂತು, ನಡುವೆ ನಾಲ್ಕು ಕಡೆ ತಪ್ಪಿತು. ತಪ್ಪಿದ್ದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ, ನೂರಾ ಐವತ್ತೊಂದು ಎಂದಷ್ಟೇ ಬರೆದೆ.

ಆಮೇಲೆ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಫೋನು ಟಿಕ್ ಟಿಕ್ ಎನ್ನುತ್ತಿತ್ತು. ಕೂತಿರಿ ಎಂದರೂ ದೊಡ್ಡಪ್ಪ ಕೇಳದೆ, ಕಾರ್ಯ ಮುಗಿದ ಮೇಲೆ ಜಮಖಾನ ಮಡಚುವುದು ತನ್ನ ಕೆಲಸವೆಂಬಂತೆ ಬಗ್ಗಿ ಅದರ ಎರಡು ತುದಿ ಹಿಡಿದರು. ಎರಡು ಮಡಿಕೆ ಹಾಕಿದರು. ಮೂರನೆಯದಕ್ಕೆ ಹಾಗೆಯೇ ಅದರ ಮೇಲೆ ಕುಸಿದುಬಿದ್ದರು. ಹೊರಳಿಸಿ ನೋಡಿದರೆ ಉಸಿರಿರಲಿಲ್ಲ.

ನಮಗೆ ಇದನ್ನು ಕಲಿಸಿದ್ದಾರೆ, ರಬ್ಬರಿನ ಗೊಂಬೆಯ ಮೇಲೆ ಪರೀಕ್ಷೆಯೂ ಆಗಿದೆ, ನನಗೆ ಅದರಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು. ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಿದೆ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಎಷ್ಟು ಹೊತ್ತಾದ ಮೇಲೋ ನನಗೆ ಗೊತ್ತಾಯಿತು, ನಾನು ಫೋನಿನ ತಾಳಕ್ಕೆ ಒತ್ತುತ್ತಿದ್ದೆ, ತೊಂಬತ್ತಾರಕ್ಕೆ. ಯಾರಾದರೂ ಅದನ್ನು ಆರಿಸಿ ಎಂದು ಕೂಗಿದೆ. ದೊಡ್ಡವ್ವನಿಗೆ ಫೋನು ಆರಿಸುವುದು ತಿಳಿಯದೆ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಳು. ಕೂಗು ಕೇಳಿ ಓಡಿಬಂದ ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು, ಅದು ಬರುವ ತನಕ ಇಪ್ಪತ್ತು ನಿಮಿಷ ಒತ್ತಿದೆ. ಆಸ್ಪತ್ರೆಯಲ್ಲಿ ಅವರನ್ನು ಒಳಗೂ ಸೇರಿಸಿಕೊಳ್ಳಲಿಲ್ಲ, ಗಾಡಿಯಲ್ಲೇ ನೋಡಿ ಹೋಗಿದ್ದಾರೆ ಎಂದರು.

ಮೂರನೆಯ ದಿನ ಎದುರುಮನೆಗೆ ಹೋದೆ. ದೊಡ್ಡವ್ವ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗಿಟ್ಟಳು. ಆರು ತಿಂಗಳ ಹಿಂದಿನ ದೊಡ್ಡಾಸ್ಪತ್ರೆಯ ಚೀಟಿ. ಹೃದಯದ ರಕ್ತನಾಳ ಕಟ್ಟಿದೆ, ಭಾರದ ಕೆಲಸ ಕೂಡದು, ಬೇಗ ಬಂದು ಆಂಜಿಯೋಗ್ರಾಂ ಮಾಡಿಸಿಕೊಳ್ಳಬೇಕು ಎಂದು ಬರೆದಿತ್ತು. ಅದರ ಜೊತೆಗೆ ಸಣ್ಣ ಮಾತ್ರೆಗಳ ಅರ್ಧ ಪಟ್ಟಿ.

"ಬೇಡ ಕಣ ನೀನ್ ಮೆಟ್ಲು ಅತ್ಬೇಡ ಅಂದೆ. ನಾನೇ ಅತ್ದಿದ್ರೆ ಮಿಕ್ಕೋರು ಅತ್ತಾರಾ ಅಂದ. ಒಂದ್ ಮಾತ್ರೆ ಮಡಿಕಂಡ್ರೆ ಮೂರ್ ನಿಮ್ಸ ತಡೀತದೆ ಅಂದ." ಟ್ರಂಕಿನ ಮುಚ್ಚಳ ಹಾಕಿದಳು. "ನಂದು ಅರ್ಧಕ್ಕೆ ನಿಂತೋಯ್ತಲ್ಲವ್ವ. ನಿನ್ಗೆ ಮೂವತ್ತಾಗ್ಲಿಲ್ವಲ್ಲ. ಇನ್ನೊಂದ್ಸಲ ಅತ್ಲಾ?"

ನನಗೆ ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿ ಇತ್ತು. ಬೇಡ ದೊಡ್ಡವ್ವ ಎಂದೆ. "ಪಾಸಾಗ್ತೀಯ ತಾನೆ?" ಎಂದು ಕೇಳಿದಳು. ಹೂಂ ಎಂದೆ.

ಮಾಧವ ಸರ್ ಕೆಟ್ಟವರಲ್ಲ. ಅಜ್ಜ ಅರಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರೆಂಬುದನ್ನು ವರ್ಷಕ್ಕೆರಡು ಸಲ ಹೇಳುವುದು ಬಿಟ್ಟರೆ ಅವರಲ್ಲಿ ಬೇರೆ ಜಂಭವಿಲ್ಲ. ನನ್ನನ್ನು ಕೂರಿಸಿ ತಾವೇ ಕಾಫಿ ತರಿಸಿದರು.

"ನೋಡಮ್ಮ ನಯನಾ, ಆದದ್ದು ಆಗಿಹೋಯಿತು. ಫಾರಂ ಇದೆ, ಏಳಕ್ಕೂ ಇಲ್ಲ ಅಂದಿದ್ದಾರೆ, ಕೆಳಗೆ ಸಹಿ ಇದೆ. ನಾಳೆ ನೀತಿ ಸಮಿತಿಯವರು ನಿನ್ನನ್ನು ಕೇಳೋದು ಒಂದೇ, ಅವರ ಕಾಯಿಲೆ ನಿನಗೆ ಗೊತ್ತಿತ್ತಾ ಅಂತ. ಇಲ್ಲ ಅನ್ನು. ಅದರ ಮುಂದೆ ಒಂದು ಮಾತೂ ಸೇರಿಸಬೇಡ. ಉಳಿದ ಇಪ್ಪತ್ತೆಂಟಕ್ಕೇ ಅವರನ್ನ ನಾನು ಒಪ್ಪಿಸ್ತೀನಿ, ಜೂನ್‌ಗೆ ನಿನ್ನ ಕೈಲಿ ಡಿಗ್ರಿ ಇರುತ್ತೆ."

ಸರಿ ಸರ್ ಎಂದೆ. ಮನಸ್ಸಿನಲ್ಲಿಯೂ ಸರಿಯೆಂದೇ ಇತ್ತು. ನಾನೇನೂ ಸತ್ಯಹರಿಶ್ಚಂದ್ರನ ತುಂಡಲ್ಲ. ಸತ್ತವರು ತಿರುಗಿ ಬರುವುದಿಲ್ಲ, ದೊಡ್ಡವ್ವನಿಗೆ ಕೊಟ್ಟ ಮಾತಾದರೂ ಉಳಿಯಲಿ ಎಂದುಕೊಂಡೇ ಸಮಿತಿಯ ಕೋಣೆಗೆ ಹೋದೆ.

ಸಮಿತಿಯಲ್ಲಿ ಮೂವರಿದ್ದರು, ಮಾಧವ ಸರ್ ಗೋಡೆಯ ಪಕ್ಕ ಬೇರೆ ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷೆ ಗಿರಿಜಾಂಬಾ ಮೇಡಂ ಹಿರಿಯ ವೈದ್ಯೆ. ಫಾರಂ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಓದಿ, ಗೊತ್ತಿತ್ತಾ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಅವರು ತಲೆಯಾಡಿಸಿದರು. ಕೆಲಸ ಮುಗಿದಿತ್ತು, ನಾನು ಎದ್ದು ಬರಬಹುದಿತ್ತು. ಅಷ್ಟರಲ್ಲಿ ಅವರು ಪಕ್ಕದವರ ಕಡೆಗೆ ತಿರುಗಿ ಮರುಕದಿಂದಲೇ ಹೇಳಿದರು:

"ಈ ಹುಡುಗೀದು ತಪ್ಪೇನಿಲ್ಲ ಬಿಡಿ. ಮೂಟೆ ಹೊರೋ ಜನ, ಪಾಪ, ಪ್ರಶ್ನೆ ಏನು ಅಂತಲೇ ಅರ್ಥವಾಗಿರೋಲ್ಲ. 'ಪ್ರಶ್ನೆಗಳನ್ನು ಗ್ರಹಿಸುವ ಸಾಮರ್ಥ್ಯವಿರಲಿಲ್ಲ' ಅಂತ ಬರೆದು ಮುಗಿಸೋಣ."

ನನ್ನ ಮೈ ಉರಿದುಹೋಯಿತು. ಕೋರ್ಸಿನ ಹೆಸರನ್ನು ಎರಡೇ ಸಲ ಕೇಳಿ ಅದರ ತಿರುಳು ಹಿಡಿದ ಮನುಷ್ಯ. ಏಳೂ ಪ್ರಶ್ನೆ ಯಾತಕ್ಕಾಗಿ, ಯಾವ ಉತ್ತರಕ್ಕೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಈ ಕೋಣೆಯವರೆಲ್ಲರಿಗಿಂತ ಚೆನ್ನಾಗಿ ತಿಳಿದಿದ್ದ ಮನುಷ್ಯ. ಅವರ ಹೆಸರಿನ ಮುಂದೆ ನನ್ನ ಡಿಗ್ರಿಗೋಸ್ಕರ ದಡ್ಡನೆಂದು ಬರೆಯುತ್ತಿದ್ದರು.

"ಅರ್ಥವಾಗಿತ್ತು ಮೇಡಂ," ಎಂದೆ. "ಅವರಿಗೂ ಅರ್ಥವಾಗಿತ್ತು, ನನಗೂ ಅರ್ಥವಾಗಿತ್ತು. ಹೌದು ಅಂದ್ರೆ ನಾನು ಫೇಲಾಗ್ತೀನಿ ಅಂತ ಇಲ್ಲ ಅಂದ್ರು. ಎಲ್ಲರಿಗೂ ಹೇಳಿಕೊಟ್ಟಿದ್ದನ್ನ ನಾನು ಕಿಟಕಿ ಹತ್ರ ಕೂತು ಕೇಳಿಸಿಕೊಂಡೆ. ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡಿದ್ದನ್ನ ನೋಡಿದೆ. ನೋಡಿಯೂ ಹತ್ತಿಸಿದೆ."

ಮಾಧವ ಸರ್ ಕಣ್ಣು ಮುಚ್ಚಿಕೊಂಡರು. ಗಿರಿಜಾಂಬಾ ಮೇಡಂ ಪೆನ್ನಿನ ಕ್ಯಾಪ್ ತೆಗೆದರು.

ಒಂದೇ ವಾರದಲ್ಲಿ ಪತ್ರ ಬಂತು. ಅಧ್ಯಯನ ರದ್ದು. ಮೂವತ್ತೂ ಫಾರಂಗಳನ್ನು ಲಕೋಟೆಯಲ್ಲಿ ಹಾಕಿ ಸೀಲ್ ಮಾಡಿದರು. ನನ್ನ ಹೆಸರನ್ನು ಕೋರ್ಸಿನಿಂದ ತೆಗೆದರು, ಬೇರೆ ಕಡೆ ಸೇರಿದರೂ ಮನುಷ್ಯರ ಮೇಲೆ ಸಂಶೋಧನೆ ಮಾಡಲು ನಾನು ಅರ್ಹಳಲ್ಲ ಎಂದು ಬರೆದಿದ್ದರು. ಅದರಲ್ಲಿ ಒಂದಕ್ಷರವೂ ಅನ್ಯಾಯದ್ದಲ್ಲ. ಮಾಧವ ಸರ್ ಮಾತ್ರ ನನಗೆ ಕೇಳುವಷ್ಟೇ ಮೆಲ್ಲಗೆ, "ನಿನ್ನನ್ನ ಉಳಿಸ್ಬೇಕು ಅಂತಿದ್ದೆನಲ್ಲಮ್ಮ" ಎಂದರು.

ಅವ್ವನಿಗೆ ಹೇಳಿದೆ, ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಎದುರುಮನೆಗೆ ಹೋಗಲು ನನಗೆ ಮತ್ತೆರಡು ದಿನ ಬೇಕಾಯಿತು. ಮಧ್ಯಾಹ್ನದ ಹೊತ್ತು. ದೊಡ್ಡವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕಿಟಕಿಯಿಂದ ಹಿಡಿದು ಸಮಿತಿಯವರೆಗೆ ಎಲ್ಲವನ್ನೂ ಹೇಳಿದೆ. ದೊಡ್ಡಪ್ಪನ ಸಾವು ನನ್ನಿಂದ ಎಂದೂ ಹೇಳಿದೆ. ಅವಳು ಅದಕ್ಕೆ ತಲೆಯೆತ್ತಲಿಲ್ಲ, ಅವಳಿಗೆ ಅದು ಹೊಸ ವಿಷಯವಾಗಿರಲಿಲ್ಲ.

"ಮೂವತ್ತೂ ಓಯ್ತಾ?" ಎಂದಳು.

"ಹೂಂ."

"ಡಿಗ್ರಿ?"

"ಅದೂ ಹೋಯ್ತು ದೊಡ್ಡವ್ವ. ದೊಡ್ಡಪ್ಪನಿಗೆ ಪ್ರಶ್ನೆ ಅರ್ಥವಾಗಿಲ್ಲ, ದಡ್ಡರು ಅಂತ ಬರೀತಿದ್ರು. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

"ಬರ್ಕೊಳ್ಳಿ ಅಂತ ಬುಡ್ಬೇಕಿತ್ತು," ಎಂದಳು. "ನಮ್ನ ದಡ್ರು ಅಂದೋರು ಇವ್ರೇ ಮೊದ್ಲಾ? ಅವ್ನೇ ಇದ್ದಿದ್ರೂ ಬರ್ಕೊಳ್ಲಿ ಬುಡು ಅಂತಿದ್ದ." ಮೊರವನ್ನು ಪಕ್ಕಕ್ಕಿಟ್ಟಳು. "ಯಾರ್ ಬಂದ್ರೂ ಒಂದೇ ಮಾತ್ ಏಳ್ತಿದ್ದೆ ನಯನಾ. ಉಡ್ಗಿ ಓದ್ಲಿ ಅಂತ ಜೀವ ಬುಟ್ಟ, ನಮ್ ಬೀದೀಲಿ ಒಬ್ಳು ಡಾಕ್ಟ್ರಾಯ್ತಾಳೆ ಅಂತ ಬುಟ್ಟ ಅಂತ. ಏಳ್ಕೊಂಡ್ ಏಳ್ಕೊಂಡು ನಂಗೂ ಅದೇ ನಿಜ ಆಗೋಗಿತ್ತು, ಉಣ್ಣೋಕ್ ಕೂತ್ರೆ ಒಂದ್ ತುತ್ತು ಇಳೀತಿತ್ತು. ಈಗ ನೀನೇ ಏಳು. ಅವ ಯಾತಕ್ಕ ಸತ್ತ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನನ್ನನ್ನು ಬೈಯುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಓದಿದವಳು, ನನಗೆ ಗೊತ್ತಿರಬಹುದು ಎಂದು ನನ್ನ ಮುಖವನ್ನೇ ನೋಡುತ್ತ ಕಾದಳು.